ಹೊರಟವರನ್ನು ಹಿಂದಿನಿಂದ ಕರೆಯಬಾರದು

ಏಪ್ರಿಲ್ ೭, ಸೋಮವಾರ

ಬಸ್ಸು ಇಂದೂ ಬರಲಿಲ್ಲ. ಸ್ಟಾಪಿನ ಬೋರ್ಡಿನಲ್ಲಿ ಬಂತು, ರಸ್ತೆಯಲ್ಲಿ ಬರಲಿಲ್ಲ. ನಡೆದೇ ಶಾಲೆ. ಐರ್ಲೆಂಡಿನ ಈ ಲೂಕನ್ ಊರಿನ ಮಳೆ ಸುರಿಯುವುದಿಲ್ಲ, ಸುಮ್ಮನೆ ಬಂದು ಮೈಮೇಲೆ ಕೂರುತ್ತದೆ.

ಇಂದಿನ ಐತಿಹಾಸಿಕ ಘಟನೆ. ಟ್ರಾನ್ಸಿಷನ್ ಇಯರ್ ಎಂಬ ನಮ್ಮ ಪರೀಕ್ಷೆಯಿಲ್ಲದ ತರಗತಿಯ ಪ್ರಾಜೆಕ್ಟ್ — ಎರಡು ಸಮುದಾಯಗಳ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿಯ ಹೋಲಿಕೆ. ಟೀಚರ್ ಮಿಸ್ ಕೀನ್ ಸಮುದಾಯಗಳ ಹೆಸರಿನ ಚೀಟಿಗಳನ್ನು ಐಸ್‌ಕ್ರೀಂ ಡಬ್ಬಿಯಲ್ಲಿ ಹಾಕಿ, ಮೇಜಿನ ಮೇಲಿಟ್ಟು, ಕಾಫಿ ತರಲು ಹೋದರು. ಡಬ್ಬಿಯನ್ನು ನನ್ನ ಸುಪರ್ದಿಗೆ ಬಿಟ್ಟದ್ದು ಅವರ ಆಡಳಿತ ವೈಫಲ್ಯ. ಫೋನಿನಲ್ಲಿ ಹುಡುಕಿ, ಕ್ಲಾಸಿನಲ್ಲಿ ಯಾರೂ ಕೇಳಿರದ ಹೆಸರೊಂದನ್ನು ಬರೆದು ಒಳಗೆ ತಳ್ಳಿದೆ. ತ್ಸಿಮ್ಶಿಯನ್. ಕೆನಡಾದ ಪಶ್ಚಿಮ ಕಡಲಂಚಿನ ಮೂಲನಿವಾಸಿಗಳು. ಆಕಾಶನ ಕೈಗೆ ಸಿಕ್ಕಿ ಅವನು ಒದ್ದಾಡಲಿ ಎಂಬುದು ಘನ ಉದ್ದೇಶ.

ಚೀಟಿ ಎತ್ತಿದ್ದು ನಾನು. ಒಂದು ಎಸ್ಟೋನಿಯ. ಇನ್ನೊಂದು... ಹೌದು.

ಒಂದೇ ಸಮಾಧಾನ, ನನ್ನ ಜೋಡಿ ಆಕಾಶನೇ. ಬೆಂಗಳೂರಿನವನು, ನನ್ನ ಕೈಬರಹದ ನೋಟ್ಸನ್ನು ಮೂರು ವರ್ಷದಿಂದ ಕಾಪಿ ಮಾಡುತ್ತಿರುವವನು. ಚೀಟಿ ನೋಡಿದ ಕೂಡಲೇ ಹೇಳಿದ, "ಲೇ ಸಿಂಧು, ಇದು ನಿನ್ನ ರೈಟಿಂಗು ಕಣೆ. ನೀನು ತೋಡಿದ ಗುಂಡಿಗೆ ನನ್ನೂ ಎಳ್ಕೊಂಡು ಬಿದ್ದಿದೀಯ."

ನಾವಿಬ್ಬರೂ ಇನ್ನು ಮುಂದೆ "ಆಯೋಗ". ನಾನು ಅಧ್ಯಕ್ಷೆ. ಅವನು ಉಳಿದದ್ದೆಲ್ಲ.

ಎಸ್ಟೋನಿಯದ ಮಟ್ಟಿಗೆ ಚಿಂತೆಯಿಲ್ಲ. ಅದು ಹಿತ್ತಲಗೋಡೆಯ ಆಚೆಯೇ ಇದೆ. ಪಕ್ಕದ ಮನೆಯಾಕೆ ಉರ್ವೆ, ಎಸ್ಟೋನಿಯದ ಮುಹು ಎಂಬ ದ್ವೀಪದವರು. ಹಳೆಯ ಕಬ್ಬಿಣದ ಫೈಲ್ ಕ್ಯಾಬಿನೆಟ್ಟಿನ ಡ್ರಾಯರುಗಳಲ್ಲಿ ಮೀನು ನೇತುಹಾಕಿ, ಕೆಳಗೆ ಆಲ್ಡರ್ ಮರದ ಚಕ್ಕೆ ಸುಟ್ಟು, ಹೊಗೆಯಲ್ಲಿ ಹದಮಾಡುತ್ತಾರೆ. ಇಂದೂ ಹೊಗೆ ಎದ್ದಿತ್ತು. ಗೋಡೆಯ ಈಚೆ ಬಕೆಟ್ ಬೋರಲು ಹಾಕಿ ಕೂತ ಚಂದ್ರಕಾಂತ ಮಾವ, ಅಮ್ಮನ ತಮ್ಮ. ಆಚೆ ಉರ್ವೆ. ಇಬ್ಬರೂ ಸುಮ್ಮನೆ. ಆರು ವರ್ಷದಿಂದ ಹೀಗೇ. ಮೀನು ಹದವಾಗುತ್ತದೆ, ಗೋಡೆಯ ಮೇಲಿಂದ ತಟ್ಟೆ ಬರುತ್ತದೆ, ನಮ್ಮ ಕಡೆಯಿಂದ ತಟ್ಟೆಯಲ್ಲಿ ನೀರ್‌ದೋಸೆ ಹೋಗುತ್ತದೆ. ಮಾವ ಆ ಬಕೆಟ್ಟಿನ ಮೇಲೆ ಕೂತಾಗ ಮಾತ್ರ ಅವರ ಮುಖ ನಮ್ಮ ಕಡಲೂರು ಗಂಗೊಳ್ಳಿಯಲ್ಲಿದ್ದ ಹಾಗೆ ಇರುತ್ತದೆ. ಇದು ಆಯೋಗದ ಗಮನಕ್ಕೆ ಬಂದಿದೆ.

ಮಾವನ ಫೋನಿನಲ್ಲಿ ಉರ್ವೆಯ ಹೆಸರು ಅಳಿಸಿ "ಎಸ್ಟೋನಿಯ ಸರ್ಕಾರ" ಎಂದು ಬರೆದಿಟ್ಟಿದ್ದೇನೆ.

ಏಪ್ರಿಲ್ ೧೦, ಗುರುವಾರ

ಬೆಳಿಗ್ಗೆ ಮಾಮೂಲಿ ಸರ್ಕಸ್ಸು. ಅಮ್ಮ ನೇಸ್ ಆಸ್ಪತ್ರೆಯ ಡ್ಯೂಟಿಗೆ ಹೊರಟರು, ಊಟದ ಡಬ್ಬಿ ಅಡುಗೆಕಟ್ಟೆಯ ಮೇಲೇ ಉಳಿಯಿತು. ಬೇರೆ ಮನೆಗಳಲ್ಲಾದರೆ "ಡಬ್ಬಿ" ಎಂದು ಕೂಗುತ್ತಾರೆ. ನಮ್ಮಲ್ಲಿ ಮಾವ ಹಿಂಬಾಗಿಲಿಂದ ಹಾರಿ, ಮನೆಗಳ ಹಿಂದಿನ ಓಣಿಯಲ್ಲಿ ಲುಂಗಿ ಎತ್ತಿಕೊಂಡು ಓಡಿ, ನಮ್ಮ ಹೌಸಿಂಗ್ ಎಸ್ಟೇಟಿನ ಬಾಯಲ್ಲಿ ಕಾರಿನ ಎದುರು ಡಬ್ಬಿ ಹಿಡಿದು ನಿಂತರು. ನಾಯಿ ವಾಕ್ ಮಾಡಿಸುವ ಮುದುಕ ಮಿಸ್ಟರ್ ಡಾಯ್ಲ್ ಇದನ್ನು ವಾರಕ್ಕೊಮ್ಮೆಯಾದರೂ ನೋಡುತ್ತಾನೆ. ಯೋಗದ ಒಂದು ಬಗೆ ಎಂದು ಅವನಿಗೆ ಹೇಳಿದ್ದೇನೆ. ನಂಬಿದ್ದಾನೆ.

ಕಾರಣ ಹಳೆಯದು. ಮಾವ ಏಳು ವರ್ಷದವರಿದ್ದಾಗ, ಅಜ್ಜ ದೋಣಿಗೆ ಹೊರಟು ಅಂಗಳ ದಾಟಿದ್ದರು. "ಅಪ್ಪಾ, ಪೀಪಿ ತಕಂಬಾ" ಎಂದು ಇವರು ಹಿಂದಿನಿಂದ ಕರೆದರು. ಕಡಲಿಗೆ ಹೊರಟವನನ್ನು ಹಿಂದಿನಿಂದ ಕರೆಯುವುದೇ... ಅಜ್ಜ ತಿರುಗಿ ಬಂದು, ಜಗಲಿಯಲ್ಲಿ ಕೂತು ನೀರು ಕುಡಿದು, ಅಂದು ಹೋಗಲೇ ಇಲ್ಲ. ಅಂದೇ ಉಳಿದ ದೋಣಿಗಳಿಗೆಲ್ಲ ಬಂಗುಡೆ ಮೀನು ಬಾಯಿತನಕ. ಇಡೀ ಕೇರಿ ಮಾವನನ್ನು ದೊಡ್ಡವರಾಗುವವರೆಗೂ "ಪೀಪಿ" ಎಂದೇ ಕರೆಯಿತು. ಅಮ್ಮಮ್ಮ ಈ ಕಥೆ ಹೇಳುತ್ತಿದ್ದದ್ದು ಮೀನು ಒಣಗಿಸುವ ಚಾಪೆಯ ಪಕ್ಕ ಕೂತು, ಕಪ್ಪು ಬಟ್ಟೆ ಕಟ್ಟಿದ ಕೋಲಿನಿಂದ ಕಾಗೆ ಓಡಿಸುತ್ತ. ಹೇಳುವಾಗ ನಗುತ್ತಿದ್ದರು, ಕೋಲೂ ನಗುತ್ತಿತ್ತು. ಆ ಬಿಸಿಲು, ಉಪ್ಪು, ಆ ವಾಸನೆ. ನಾನು ಹನ್ನೊಂದು ವರ್ಷಕ್ಕೆ ಇಲ್ಲಿಗೆ ಬಂದೆ. ಅಪ್ಪ ಹಡಗಿನ ಕೆಲಸದಲ್ಲಿ, ಅಮ್ಮ ಡ್ಯೂಟಿಯಲ್ಲಿ. ನನ್ನ ಮಟ್ಟಿಗೆ ಊರೆಂದರೆ ಮಾವನೇ.

ಮಾವ ಅಂದಿನಿಂದ ಯಾರನ್ನೂ ಹಿಂದಿನಿಂದ ಕರೆದಿಲ್ಲ. ಸಿಟಿವೆಸ್ಟಿನ ಆಫೀಸಿನಲ್ಲಿ ಅವರ ಮ್ಯಾನೇಜರನ್ನೂ.

ಏಪ್ರಿಲ್ ೧೨, ಶನಿವಾರ

ಆಯೋಗದ ಮೊದಲ ಬೈಠಕ್ಕು ಉರ್ವೆಯ ಅಡುಗೆಮನೆಯಲ್ಲಿ. ನಾನು ಅಮ್ಮನ ಕಪ್ಪು ಬ್ಲೇಜರ್ ಹಾಕಿ ಹೋಗಿದ್ದೆ. ಆಕಾಶ ಟೈ ಕಟ್ಟಿದ್ದ, ಕೆಳಗೆ ಫುಟ್‌ಬಾಲ್ ಶಾರ್ಟ್ಸು.

"ಮಾನ್ಯರೇ, ತಮ್ಮ ಸಮುದಾಯದ ಪ್ರಮುಖ ಕಸುಬು?" ಎಂದೆ.

"ಸುಮ್ಮನಿರುವುದು," ಎಂದರು ಉರ್ವೆ, ಮುಖ ಸ್ವಲ್ಪವೂ ಅಲುಗದೆ. "ಎರಡನೆಯದು ಹಾಡುವುದು. ನಡುವೆ ಏನೂ ಇಲ್ಲ."

ಆಮೇಲೆ ನಿಜವಾಗಿ ಹೇಳಿದರು. ಅಜ್ಜಿಯ ಕಾಲದಲ್ಲಿ ಕಡಲು ಮನೆಯೆದುರಿಗೇ ಇತ್ತು, ಕಾಲಿಡಲು ಮಾತ್ರ ಸೋವಿಯತ್ ಕಾವಲುಗಾರರ ಅಪ್ಪಣೆ ಬೇಕಿತ್ತಂತೆ. ದೋಣಿಗೆ ಬೀಗ. ಅಜ್ಜಿ ಹೊಗೆಯ ಗೂಡಿನಲ್ಲಿ ಚಪ್ಪಟೆ ಮೀನು ತೂಗುಹಾಕಿ, ಉರ್ವೆಯನ್ನು ಕಾಯಲು ಕೂರಿಸುತ್ತಿದ್ದರು. ಈಗ ದೇಶ ಚೆನ್ನಾಗಿದೆ. ಎಲ್ಲ ಕೆಲಸ ಫೋನಿನಲ್ಲೇ ಆಗುತ್ತದೆ. ಹೊರಗೆ ಹೋದವರು ಮರಳುತ್ತಿದ್ದಾರೆ. ಮುಹುವಿನ ಹಳ್ಳಿಯಲ್ಲಿ ಮಾತ್ರ ಚಳಿಗಾಲಕ್ಕೆ ದೀಪ ಹಚ್ಚುವ ಮನೆಗಳು ಕಡಿಮೆ.

"ಕಾಗೆ ಬರ್ತಿತ್ತಾ?" ಎಂದು ಕೇಳಿದೆ. ಆಯೋಗದ ಪ್ರಶ್ನಾವಳಿಯಲ್ಲಿ ಇರಲಿಲ್ಲ.

"ಕಡಲಹಕ್ಕಿ ಬರ್ತಿತ್ತು. ಕೋಲಿಗೆ ಅಜ್ಜನ ಅಂಗಿ ಕಟ್ಟಿ ಓಡಿಸುತ್ತಿದ್ದೆ."

ಸ್ವಲ್ಪ ಹೊತ್ತು ಬರೆಯುವುದು ಮರೆತೆ. ಆಕಾಶ ಬಿಸ್ಕತ್ತು ಮುಗಿಸಿದ.

ಕೊನೆಯ ಪ್ರಶ್ನೆ ನಾನೇ ತುರುಕಿದ್ದು. "ತಾವು ಐರ್ಲೆಂಡಿನಲ್ಲಿ ಉಳಿಯಲು ಕಾರಣ?" ಉರ್ವೆ ಕಿಟಕಿಯಿಂದ ಆಚೆ ನೋಡಿದರು. ಹಿತ್ತಲು, ಗೋಡೆ, ಗೋಡೆಯಾಚೆ ಮಾವನ ತಲೆ. "ಇದನ್ನು ಖಾಲಿ ಬಿಡು," ಎಂದರು.

ಆಯೋಗ ದಡ್ಡರದ್ದಲ್ಲ. ಖಾಲಿ ಬಿಟ್ಟಿತು.

ಏಪ್ರಿಲ್ ೨೪, ಗುರುವಾರ, ಸಂಜೆ

ತ್ಸಿಮ್ಶಿಯನ್ ವಿಭಾಗ. ಮಿಸ್ ಕೀನ್ ಅವರ ತಂಗಿ ಕೆನಡಾದ ಪ್ರಿನ್ಸ್ ರೂಪರ್ಟ್ ಊರಿನ ಶಾಲೆಯಲ್ಲಿ ಟೀಚರ್. ಅಲ್ಲೇ ಕೆಲಸ ಮಾಡುವ ತ್ಸಿಮ್ಶಿಯನ್ ಹೆಂಗಸು ವರ್ನಾ, ವಿಡಿಯೊ ಕಾಲ್‌ನಲ್ಲಿ. ನಮಗೆ ಸಂಜೆ, ಅವರಿಗೆ ಬೆಳಗಿನ ಚಹಾ. ನನ್ನ ಕಪ್ಪು ಬ್ಲೇಜರ್ ನೋಡಿ ಕೇಳಿದರು, "ಯಾರಾದರೂ ತೀರಿಕೊಂಡರಾ?"

ಪ್ರಶ್ನೆ ಕೇಳುವ ಮೊದಲೇ ಅವರದೇ ಪ್ರಶ್ನೆ. "ನೀನು ಯಾರ ಮನೆತನದವಳು? ಅಮ್ಮನ ಕಡೆಯದು ಹೇಳು." ಅವರಲ್ಲಿ ಮನೆತನ, ಹೆಸರು ಎಲ್ಲ ತಾಯಿಯ ಕಡೆಯಿಂದ. ಮಾವನ ಹೆಸರು, ಸ್ಥಾನ ಸಲ್ಲುತ್ತಿದ್ದದ್ದು ತಂಗಿಯ ಮಕ್ಕಳಿಗೆ. ನಾನು ಬೆಪ್ಪಾಗಿ ಹೇಳಿದೆ — ನಮ್ಮ ಮೊಗವೀರರಲ್ಲೂ ಬಳಿ ಅಂತ ಕುಲದ ಹೆಸರು ಇದೆ, ಅದು ಅಮ್ಮನಿಂದಲೇ ಬರುತ್ತದೆ, ಮೊದಲು ಮಾವನ ಮನೆ ಸೋದರಳಿಯನಿಗೇ ಹೋಗುತ್ತಿತ್ತು.

"ಹಾಗಾದರೆ ನಿನ್ನ ಮಾವ ನಿನಗೆ ಏನು ಕಲಿಸಿದ್ದಾನೆ?"

"ಮೀನು ತೊಳೆಯುವುದು. ಸುಮ್ಮನಿರುವುದು. ಎರಡನೆಯದು ಹತ್ತಲಿಲ್ಲ."

ವರ್ನಾ ಬಹಳ ಹೊತ್ತು ನಕ್ಕರು. ಆಮೇಲೆ ಹೇಳಿದ್ದು ನಗುವ ವಿಷಯವಲ್ಲ. ಅಜ್ಜಿ ಮೀನು ಡಬ್ಬಿಗೆ ತುಂಬುವ ಕ್ಯಾನರಿಯಲ್ಲಿ ದುಡಿದವರು. ಕ್ಯಾನರಿ ಮುಚ್ಚಿತು. ಹಳ್ಳಿಯಲ್ಲಿ ಕೆಲಸ ಕಡಿಮೆ, ಮನೆ ಸಾಲದು, ಹುಡುಗರು ಪಟ್ಟಣ ಸೇರುತ್ತಾರೆ. ಅವರ ಕೂಡೂಟದ ಸಮಾರಂಭಗಳನ್ನೇ ಒಂದು ಕಾಲದಲ್ಲಿ ಸರ್ಕಾರ ಕಾನೂನು ಮಾಡಿ ನಿಲ್ಲಿಸಿತ್ತು. ಕದ್ದು ಮುಚ್ಚಿ ನಡೆಸಿದರು. ಈಗ ಮತ್ತೆ ನಡೆಯುತ್ತದೆ.

"ಅಷ್ಟು ದೊಡ್ಡ ವಿಷಯವಾ, ಊಟ?" ಆಕಾಶ ಕೇಳಿದ.

"ನಾಲ್ಕು ಜನರನ್ನು ಕರೆದು, ಉಣಿಸಿ, ಅವರೆದುರು ಹೇಳಿದರೆ ಮಾತ್ರ ಒಂದು ಮಾತು ನಿಲ್ಲುತ್ತದೆ. ಉಂಡವರು ಸಾಕ್ಷಿ. ಮನಸ್ಸಿನಲ್ಲೇ ಇಟ್ಟುಕೊಂಡದ್ದಕ್ಕೆ ಯಾರು ಸಾಕ್ಷಿ?" ಎಂದರು. "ಮತ್ತೆ ಹಿಂದಿನ ಕಾಲದಲ್ಲಿ ಕರೆಯಲು ಆಳು ಹೋಗುತ್ತಿದ್ದ. ದೋಣಿಯಲ್ಲಿ ಹೋಗಿ, ಅವರ ಮನೆ ಮುಂದೆ ಎದುರಿಗೆ ನಿಂತು ಕರೆಯುತ್ತಿದ್ದ."

ಅವರೂ ಸಾಲ್ಮನ್ ಮೀನಿಗೆ ಆಲ್ಡರ್ ಹೊಗೆಯನ್ನೇ ಹಾಕುತ್ತಾರೆ. ಉರ್ವೆಗೆ ಹೇಳಬೇಕು.

ಮೇ ೯, ಶುಕ್ರವಾರ

ಬರೆದು ದಿನವಾಯಿತು. ಬರೆಯುವ ಮನಸ್ಸೂ ಇಲ್ಲ.

ಉರ್ವೆ ಹೋಗುತ್ತಿದ್ದಾರೆ. ಮನೆಯ ಮಾಲೀಕ ಮನೆ ಮಾರುತ್ತಾನೆ. ನೋಟಿಸು ಕ್ರಿಸ್‌ಮಸ್‌ಗೇ ಬಂದಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಸುಮ್ಮನಿರುವುದೇ ಎಸ್ಟೋನಿಯದ ಕಸುಬು. ಇಲ್ಲಿ ಬಾಡಿಗೆಗೆ ಇನ್ನೊಂದು ಮನೆ ಸಿಗುವುದು ಮೀನಿಗೆ ಕಾಲು ಬಂದ ಹಾಗೆ. ಮುಹುವಿನಲ್ಲಿ ಅಜ್ಜಿಯ ಮನೆಯಿದೆ. ಜೂನ್ ಕೊನೆಗೆ ವ್ಯಾನಿನಲ್ಲಿ, ಫೆರಿ ಹತ್ತಿ, ಹೋಗಿಯೇ ಬಿಡುತ್ತಾರೆ.

ಇದನ್ನು ಅವರು ಗೋಡೆಯ ಮೇಲೆ ಕೈಯಿಟ್ಟು ಮಾವನಿಗೆ ಹೇಳಿದರು. ನಾನು ಬಟ್ಟೆ ಒಣಹಾಕುತ್ತಿದ್ದೆ. ಮಾವ ಹೊಗೆ ನೋಡಿದರು. ಆಮೇಲೆ ಹೇಳಿದರು, "ಗ್ರ್ಯಾಂಡ್."

ಅಷ್ಟೇ. ಈ ದೇಶದಲ್ಲಿ ಮಳೆ ಬಂದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್. 'ಪರವಾಗಿಲ್ಲ' ಎನ್ನುವ ಈ ಐರಿಷ್ ಮಾತೊಂದನ್ನೇ ಮಾವ ಕಲಿತದ್ದು. ಅದನ್ನು ಇಂದೇ ಖರ್ಚು ಮಾಡಬೇಕಿತ್ತಾ?

ಉರ್ವೆ ತಲೆ ಆಡಿಸಿ ಒಳಗೆ ಹೋದರು. ಕ್ಯಾಬಿನೆಟ್ಟಿನಲ್ಲಿ ಮೀನು ಸೀದು ಕರಕಲಾಯಿತು. ಮೊದಲ ಸಲ.

ಮೇ ೧೦, ಶನಿವಾರ

ಅಮ್ಮ ಡ್ಯೂಟಿಯಿಂದ ಬಂದು ಶೂ ಬಿಚ್ಚುವ ಮೊದಲೇ ಶುರು ಮಾಡಿದರು.

"ಆರ್ ವರ್ಷ ಗೋಡಿ ಬದಿ ಕೂಕಂಡ್ ಎಂತ ಮಾಡ್ದೆ ಚಂದ್ರ? ಹೊಗಿ ಕುಡ್ದ್ಯಾ?"

"ಅಕ್ಕ, ಬಿಡ್."

"ಎಂತ ಬಿಡೂದ್? ನಿಂಗೆ ಅವ್ಳ್ ಬೇಕಲ್ದಾ? ಹೋಗ್ಬೇಡ ಅಂದ್ಹೇಳೂಕೆ ಬಾಯಿಲ್ಯಾ?"

ಮಾವ ಲೋಟ ತೊಳೆದರು. ತೊಳೆದ ಲೋಟವನ್ನೇ ಮತ್ತೆ ತೊಳೆದರು. "ಹೊರ್ಟ್ ನಿಂತವ್ರನ್ ಹಿಂದಿಂದ ಕರೂಕಾಗ ಅಕ್ಕ. ಒಳ್ಳೇದ್ಕೆ ಹೊರ್ಟದ್. ಅಲ್ಲಿ ಅವ್ಳ್ ಮನೆ ಇತ್ತ್. ನಾ ಕರ್ದ್, ಅವ್ಳ್ ತಿರ್ಗಿ ಬಂದ್, ಕಡೀಗೆ ಏನೂ ಇಲ್ದೆ ಆದ್ರೆ?"

ನಾನು ಬಾಗಿಲ ಹಿಂದೆ. ಪೀಪಿ ಎಂದು ಕರೆದು ನಗೆಯಾಡಬೇಕೆಂದಿದ್ದೆ. ಬಿಟ್ಟೆ. ಆ ಏಳು ವರ್ಷದ ಹುಡುಗ ಇನ್ನೂ ಅಂಗಳದಲ್ಲೇ ನಿಂತಿದ್ದಾನೆ. ಖಾಲಿ ಬುಟ್ಟಿ ನೋಡುತ್ತಾ.

ಮೇ ೨೨, ಗುರುವಾರ

ಪ್ರಾಜೆಕ್ಟ್ ಮಂಡನೆ. ಆಕಾಶ ಪೂರ್ತಿ ಪ್ಯಾಂಟು ಹಾಕಿದ್ದ, ಸಂದರ್ಭದ ಗಾಂಭೀರ್ಯಕ್ಕೆ.

ಚಾರ್ಟಿನ ಒಂದು ಬದಿ ಎಸ್ಟೋನಿಯ, ಇನ್ನೊಂದು ಬದಿ ತ್ಸಿಮ್ಶಿಯನ್. ಆದಾಯ, ಮನೆ, ಕೆಲಸ, ಓದು. ಹೆಚ್ಚಿನದರಲ್ಲಿ ಎಸ್ಟೋನಿಯ ಮುಂದೆ. ಒಬ್ಬರಿಗೆ ಕಳೆದುಹೋದ ದೇಶ ತಿರುಗಿ ಸಿಕ್ಕಿತು. ಇನ್ನೊಬ್ಬರು ತಮ್ಮದೇ ಕಡಲು, ತಮ್ಮದೇ ನೆಲದ ಮಾತಿಗೆ ಇನ್ನೂ ಸರ್ಕಾರದೆದುರು ಕೂರಬೇಕು. ಎರಡೂ ಕಡೆ ಅಪ್ಪಣೆಯಿಲ್ಲದೆ ಕಡಲು ಸಿಗದ ಕಾಲವೊಂದು ಇತ್ತು, ಎರಡೂ ಕಡೆ ಎಳೆಯರು ಊರು ಬಿಡುತ್ತಾರೆ. ಇಷ್ಟನ್ನು ಸರಿಯಾಗಿಯೇ ಹೇಳಿದೆ.

ಮಿಸ್ ಕೀನ್ ಕೇಳಿದರು, "ಹಾಗಾದರೆ ಯಾರು ಹೆಚ್ಚು ಸುಖಿಗಳು?"

ತಮಾಷೆಯ ಉತ್ತರ ಸಿದ್ಧವಿತ್ತು. ಬಾಯಿಗೆ ಬಂದದ್ದು ಬೇರೆ. "ಒಂದು ವಿಷಯ ಯಾವ ಕಾಲಂಗೂ ಹೊಂದಲಿಲ್ಲ, ಮಿಸ್. ಹೊರಟುಹೋದವರನ್ನು ಯಾರಾದರೂ ಬಂದು ಎದುರು ನಿಂತು ಕರೆಯುತ್ತಾರಾ ಅನ್ನೋದು."

ನಾನು ಗಂಭೀರವಾಗಿ ಮಾತಾಡಿದರೆ ಎಲ್ಲರೂ ಕುರ್ಚಿಯ ಕೆಳಗೆ ನೋಡಿಕೊಳ್ಳುತ್ತಾರೆ, ಏನಾದರೂ ಅಂಟಿಸಿದ್ದೇನಾ ಎಂದು.

ಹೊರಗೆ ಬಂದ ಮೇಲೆ ಆಕಾಶ, "ಅದು ಪ್ರಾಜೆಕ್ಟ್ ಬಗ್ಗೆ ಅಲ್ಲ ಅಲ್ವಾ?" ಎಂದ. ಅವನೂ ಪೂರ್ತಿ ದಡ್ಡನಲ್ಲ.

ಜೂನ್ ೧೫, ಭಾನುವಾರ

ಉರ್ವೆಯ ಮನೆ ಖಾಲಿಯಾಗುತ್ತಿದೆ. ಮಾತಾಡಿದರೆ ಒಳಗೆ ಪ್ರತಿಧ್ವನಿ. ಕ್ಯಾಬಿನೆಟ್ಟನ್ನು ಮಾವನಿಗೆ ಕೊಟ್ಟರು. ಇಬ್ಬರೂ ಸೇರಿ ಗೋಡೆಯ ಮೇಲಿಂದ ದಾಟಿಸಿದರು. ಆಚೆಯಿಂದ ಅವರು ಎತ್ತಿದರು, ಈಚೆಯಿಂದ ಇವರು ಹಿಡಿದರು, ಒಂದು ಕ್ಷಣ ಅದು ಗೋಡೆಯ ಮೇಲೇ ನಿಂತಿತು. ಯಾರೂ ಕೈ ಬಿಡಲಿಲ್ಲ. ಆಮೇಲೆ ಬಿಟ್ಟರು.

ನಾನು ಪೆಟ್ಟಿಗೆ ಕಟ್ಟಲು ಹೋಗಿದ್ದೆ. ಉರ್ವೆ ಟೇಪ್ ಹರಿಯುತ್ತ ಹೇಳಿದರು, "ನೀನು ಒಂದೇ ದಿನದಲ್ಲಿ ನನಗೆ ಎಷ್ಟೊಂದು ಪ್ರಶ್ನೆ ಕೇಳಿದೆ. ನಿನ್ನ ಮಾವ ಇಷ್ಟು ವರ್ಷದಲ್ಲಿ ಒಂದೂ ಕೇಳಲಿಲ್ಲ."

"ಕೇಳಿದ್ದರೆ?"

"ಉತ್ತರ ಕೊಡುತ್ತಿದ್ದೆ." ಪೆಟ್ಟಿಗೆ ಮುಚ್ಚಿದರು.

ಮನೆಗೆ ಬಂದು ಒಂದಕ್ಷರ ಬಿಡದೆ ಮಾವನಿಗೆ ಒಪ್ಪಿಸಿದೆ. ಕ್ಯಾಬಿನೆಟ್ಟಿನ ಮಸಿ ಉಜ್ಜುತ್ತಿದ್ದರು. ಕೈ ನಿಂತಿತು. "ಈಗ ಎಂತ ಹೆಣ್ಣೇ. ಟಿಕೇಟ್ ಆಯ್ತ್. ಹೊರ್ಟಾಯ್ತ್."

ಆಗ ಆಯೋಗ ತನ್ನ ತೀರ್ಪು ಓದಿತು. ಬಕೆಟ್ಟಿನ ಮೇಲೆ ನಿಂತು, ಬ್ಲೇಜರ್ ಇಲ್ಲದೆಯೇ. "ಮಾವ, ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂಬುದಷ್ಟೇ ಶಾಸ್ತ್ರ. ಎದುರಿನಿಂದ ಕರೆಯಬಾರದು ಅಂತ ಅಮ್ಮಮ್ಮ ಯಾವತ್ತೂ ಹೇಳ್ಲಿಲ್ಲ. ನೀವೇ ಅಮ್ಮನ ಡಬ್ಬಿಗೆ ವಾರ ವಾರ ಓಡ್ತ್ರಿ."

"ಡಬ್ಬಿ ಬೇರೆ," ಎಂದರು ಮಾವ.

ಮತ್ತೆ ಉಜ್ಜತೊಡಗಿದರು. ಆದರೆ ನಿಧಾನಕ್ಕೆ.

ಜೂನ್ ೨೮, ಶನಿವಾರ, ಮಧ್ಯಾಹ್ನ

ಓಡಿ ಬಂದು ಬರೆಯುತ್ತಿದ್ದೇನೆ, ಅಕ್ಷರ ಹೇಗಾದರೂ ಬರಲಿ.

ಬೆಳಿಗ್ಗೆ ವ್ಯಾನು ತುಂಬಿತ್ತು. ಉರ್ವೆ ಅಮ್ಮನನ್ನು ತಬ್ಬಿದರು. ನನ್ನನ್ನು ತಬ್ಬಿದರು, ಆಲ್ಡರ್ ಹೊಗೆಯ ವಾಸನೆ. ಮಾವನ ಕೈ ಕುಲುಕಿದರು. ಮಾವ ನಿನ್ನೆ ಹೌತ್ ಬಂದರಿನ ಗೋಡೆಯಿಂದ ಗಾಳ ಹಾಕಿ ಈ ವರ್ಷದ ಮೊದಲ ಬಂಗುಡೆ ತಂದಿದ್ದರು. ಅದನ್ನು ಕ್ಯಾಬಿನೆಟ್ಟಿನಲ್ಲಿ ತಾವೇ ಹೊಗೆಗಿಟ್ಟು, ಪೊಟ್ಟಣ ಕಟ್ಟಿ ಕೊಟ್ಟರು. ಕೊಟ್ಟು, ಸೀದಾ ಒಳಗೆ ಹೋದರು. ವ್ಯಾನು ಹೊರಡುವಾಗ ಬಾಗಿಲಲ್ಲಿ ಅವರಿಲ್ಲ. ಉರ್ವೆ ಕನ್ನಡಿಯಲ್ಲಿ ನೋಡಿದರು. ನಾನು ಆ ಕನ್ನಡಿ ನೋಡಲಾರದೆ ತಲೆ ತಗ್ಗಿಸಿದೆ.

ಆಗ ಹಿಂಬಾಗಿಲು ಧಡ್ ಎಂದಿತು.

ಲುಂಗಿ ಎತ್ತಿಕೊಂಡು ಓಣಿಯಲ್ಲಿ ಮಾವ. ಡಬ್ಬಿಯೂ ಇಲ್ಲ, ಕೈ ಖಾಲಿ. ನಾನು ಅಡುಗೆಮನೆಯಲ್ಲಿ ಉಳಿದ ಬಂಗುಡೆಯ ತಟ್ಟೆ ಎತ್ತಿಕೊಂಡು ಬೆನ್ನು ಹತ್ತಿದೆ. ತಟ್ಟೆ ಯಾಕೆ ಎಂದು ಅಮ್ಮ ಗೊಣಗಿದ್ದು ಕೇಳಿತು. ವರ್ನಾ ಅವರಿಗೆ ಗೊತ್ತು ಯಾಕೆಂದು.

ಎಸ್ಟೇಟಿನ ಬಾಯಲ್ಲಿ ಮಾವ ವ್ಯಾನಿನ ಎದುರು ನಿಂತೇಬಿಟ್ಟರು. ಉರ್ವೆ ಬ್ರೇಕ್ ಒತ್ತಿದರು. ಹಿಂದೆ ಒಂದು ಕಾರು. ಪಕ್ಕದಲ್ಲಿ ನಾಯಿಯೊಂದಿಗೆ ಮಿಸ್ಟರ್ ಡಾಯ್ಲ್, "ಯೋಗ ಇವತ್ತು ಸ್ವಲ್ಪ ಜೋರಾಗಿದೆ" ಎಂದ. ಅವನ ಬಾಯಿಗೆ ಒಂದು ತುಂಡು ಬಂಗುಡೆ ಕೊಟ್ಟೆ. ಕಾರಿನ ಹೆಂಗಸಿಗೂ ಕೊಟ್ಟೆ. ನಾಯಿ ತಾನೇ ತೆಗೆದುಕೊಂಡಿತು. ಸಾಕ್ಷಿಗಳು ಉಂಡದ್ದಾಯಿತು.

ಮಾವ ಏದುಸಿರು ಬಿಡುತ್ತ ಕಿಟಕಿಗೆ ಬಂದರು. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು. "ನಾನು ತಡೆಯಲು ಬಂದದ್ದಲ್ಲ. ಹೊರಟ ದೋಣಿಯನ್ನು ತಡೆಯಬಾರದು." ಇನ್ನೊಮ್ಮೆ ಉಸಿರು. "ಹತ್ತಬಹುದಾ ಅಂತ ಕೇಳಲು ಬಂದೆ. ಜಾಗ ಇದೆಯಾ?"

ಪಕ್ಕದ ಸೀಟಿನಲ್ಲಿ ಜಾಗವಿರಲಿಲ್ಲ. ದೊಡ್ಡ ಕುಂಡ, ಅದರಲ್ಲಿ ಉರ್ವೆ ಹೊಸಿಲಲ್ಲಿ ಬೆಳೆಸಿದ್ದ ಜೆರೇನಿಯಂ, ಸೀಟ್ ಬೆಲ್ಟ್ ಹಾಕಿಕೊಂಡು ಕೂತಿತ್ತು.

ಉರ್ವೆ ಎಂಜಿನ್ ಆಫ್ ಮಾಡಿದರು. ಬೆಲ್ಟ್ ಬಿಚ್ಚಿದರು — ಕುಂಡದ್ದು. ಅದನ್ನೆತ್ತಿ ಕಿಟಕಿಯಿಂದ ನನ್ನ ಕೈಗೆ ಕೊಟ್ಟರು.

ಮಿಸ್ಟರ್ ಡಾಯ್ಲ್ ಇನ್ನೊಂದು ತುಂಡು ಕೇಳಿದ.

ಅದೇ ದಿನ, ಸಂಜೆ

ಬೆಳಗಿನ ಫೆರಿ ತಪ್ಪಿತು. ಮಾವ ಕಳೆದ ಚಳಿಗಾಲ ಐರಿಷ್ ಪ್ರಜೆಯಾದವರು, ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಮಾತ್ರ ಬೀರುವಿನಲ್ಲಿತ್ತು, ಅದಕ್ಕೆಂದು ಮನೆಗೆ ಬರಬೇಕಾಯಿತು. ಹೊರಟವ ತಿರುಗಿ ಬಂದರೆ ಕೂತು ನೀರು ಕುಡಿದೇ ಹೋಗಬೇಕು ಎಂದು ಅಮ್ಮ ಕಟ್ಟುನಿಟ್ಟು. ಉರ್ವೆಗೂ ನೀರು ಕೊಟ್ಟರು. ನೀರಿನ ಜೊತೆ ಅನ್ನ, ಸಾರು, ಆಮೇಲೆ ಮಾತು. ಮಾವ ಒಂದು ತಿಂಗಳು ರಜೆ ಕೇಳಿದ್ದಾರೆ. ಮುಹುವಿನ ಹೊಗೆಗೂಡು ನೋಡಿ ಬರುವುದಂತೆ. ಆಮೇಲೆ ಏನು ಎಂದು ಅಮ್ಮ ಕೇಳಿದರು. "ಆಮೇಲೆ ಇನ್ನೊಂದು ಪ್ರಶ್ನೆ ಕೇಳ್ತಾನಂತೆ," ಎಂದರು ಉರ್ವೆ. ಅವರು ನಗುವುದನ್ನು ಮೊದಲ ಸಲ ಹಲ್ಲು ಸಮೇತ ನೋಡಿದೆ.

ಈಗ ರಾತ್ರಿ ಫೆರಿಗೆ ಹೊರಡುತ್ತಿದ್ದಾರೆ. ನಾನು ಅಡುಗೆಮನೆಯ ಮೇಜಿನಲ್ಲಿ ಬರೆಯುತ್ತಿದ್ದೇನೆ, ಬಾಗಿಲಿಗೆ ಹೋದರೆ ಅಳುತ್ತೇನೆ, ಆಯೋಗಕ್ಕೆ ಅದು ಶೋಭೆಯಲ್ಲ. ಹಿತ್ತಲಲ್ಲಿ ಬಕೆಟ್ಟು ಬೋರಲು ಬಿದ್ದಿದೆ. ಗೋಡೆಯಾಚೆ ಯಾರೂ ಇಲ್ಲ. ಹೊಗೆಯಿಲ್ಲದ ಸಂಜೆ ಇಷ್ಟು ಸಪ್ಪೆ ಎಂದು ಗೊತ್ತಿರಲಿಲ್ಲ. ಗಂಗೊಳ್ಳಿ ಬಿಟ್ಟ ದಿನವೂ ಹೀಗೇ ಇತ್ತು. ಚಾಪೆ ಸುತ್ತಿಟ್ಟಿದ್ದರು, ಕಾಗೆಗಳು ಸುಮ್ಮನೆ ಕೂತಿದ್ದವು. ನಾಳೆ ಕ್ಯಾಬಿನೆಟ್ಟಿಗೆ ಬೆಂಕಿ ಹಾಕುವವಳು ನಾನೇ. ತಂಗಿಯ ಮಗಳಲ್ಲ, ಅಕ್ಕನ ಮಗಳು. ಆದರೂ ವರ್ನಾ ಅವರ ಲೆಕ್ಕಕ್ಕೆ ಸರಿಹೋಗುತ್ತದೆ.

ವ್ಯಾನು ಸ್ಟಾರ್ಟ್ ಆಯಿತು. ಅಮ್ಮ ಕೈ ಬೀಸುತ್ತಿದ್ದಾರೆ. ಹೊರಟರು.

ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕ ಏನೋ ಕೆಂಪಗೆ... ಮಾವನ ಪಾಸ್‌ಪೋರ್ಟ್. ಯಾವುದಕ್ಕೆ ತಿರುಗಿ ಬಂದಿದ್ದರೋ ಅದೇ. ಕೂಗಿದರೆ ಈಗಲೂ ಕೇಳೀತು. ಕೂಗುವುದಿಲ್ಲ. ಹಿಂಬಾಗಿಲು, ಓಣಿ, ಎಸ್ಟೇಟಿನ ಬಾಯಿ. ಚಪ್ಪಲಿ ಎಲ್ಲಿ... ಬೇಡ, ಬರಿಗಾಲಲ್ಲೇ ಓ